ಸರೋಜ ಸಿಕ್ಕಿದಳಾ?

2009ನೇ ಇಸವಿ. ರಂಜಾನ್ ಹಬ್ಬ ಕಳೆದು ವಾರವಾಗಿರಬೇಕು. ಮಳೆ ಹಿಂದೆ ಸರಿದು ಬಿಸಿಲು ಕಾಣಿಸತೊಡಗಿತ್ತು. ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿ ನಮ್ಮ ಮನೆ. ಅಂದು ಜಗಲಿಯಲ್ಲಿ ನಾನು ಮತ್ತು ಪಕ್ಕದ ಮನೆಯ ಗಿರಿಜ ಎಂದಿನಂತೆ ಬೀಡಿ ಕಟ್ಟುತ್ತಾ ಕೂತಿದ್ದೆವು. ಗೇಟಿನ ಹತ್ತಿರ ಒಂದು ಆಟೋ ನಿಂತಿತು. ಇಳಿದವರು ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಹೂವಿನ ಕಾಗದ ಸುತ್ತಿದ ತೆಳ್ಳಗಿನ ಪೆಟ್ಟಿಗೆ.

ಅವರು ಅಂಗಳದಲ್ಲೇ ನಿಂತು ನಮ್ಮಿಬ್ಬರನ್ನೂ ನೋಡಿದರು. ನಮ್ಮ ಮಡಿಲಲ್ಲಿದ್ದ ಬೀಡಿ ಎಲೆಯ ಗೆರಸೆಗಳನ್ನು ನೋಡಿದರು. ಆಮೇಲೆ ಹಳೆಯ ಪರಿಚಯದವರ ಹಾಗೆ ನಗತೊಡಗಿದರು.

“ನೀವು ದೊಡ್ಡಕ್ಕ,” ಎಂದು ನನ್ನನ್ನು ತೋರಿಸಿ ತುಳುವಿನಲ್ಲಿ ಹೇಳಿದರು. “ಇವರು ಸಣ್ಣಕ್ಕ. ಹೌದಾ ಅಲ್ವಾ ಹೇಳಿ.”

ಗಿರಿಜ ನನ್ನ ಮುಖ ನೋಡಿದಳು. ಕಟ್ಟುತ್ತಿದ್ದ ನೂಲು ಅವಳ ಬೆರಳಲ್ಲೇ ಉಳಿಯಿತು.

“ನನ್ನ ಹೆಸರು ಹಮೀದ್. ಒಂದು ವಿಷಯ ಕೇಳ್ಲಿಕ್ಕೆ ಅಂತಲೇ ಬಂಟ್ವಾಳದಿಂದ ಬಂದದ್ದು. ಸರೋಜ ಸಿಕ್ಕಿದಳಾ?”

ಸರೋಜ ಎಂದರೆ ಕೋಳಿ. ಅದೂ ಜೀವವಿರುವ ಕೋಳಿಯಲ್ಲ, ನನ್ನ ಮಗಳು ವನಿತ ಬಿಡಿಸಿ ಇಂಟರ್ನೆಟ್ಟಿನಲ್ಲಿ ಹಾಕುತ್ತಿದ್ದ ಚಿತ್ರಕಥೆಯ ಕೋಳಿ. ಆ ಮನುಷ್ಯ ನಗುತ್ತಾ ಉತ್ತರಕ್ಕೆ ಕಾಯುತ್ತಿದ್ದರು. ವನಿತ ತೀರಿಕೊಂಡು ಆಗ ಎರಡು ವರ್ಷ ಕಳೆದಿತ್ತು.

ಇದು ಅರ್ಥವಾಗಬೇಕಾದರೆ ನಾನು ಸ್ವಲ್ಪ ಹಿಂದಿನಿಂದ ಹೇಳಬೇಕು.

ವನಿತಳ ಅಪ್ಪ ಅವಳು ಸಣ್ಣವಳಿರುವಾಗಲೇ ತೀರಿಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ತೊಂಬತ್ತರ ದಶಕದಲ್ಲಿ ಅವಳು ಶಾಲೆಗೆ ಹೋಗುವಾಗ ಚಿತ್ರ ಬಿಡಿಸಲು ಸಿಕ್ಕಿದ್ದೆಲ್ಲವೂ ಕಾಗದವೇ. ಎಲೆ, ನೂಲು ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಿಂದ ಬರುವ ನೂಲಿನ ಪೊಟ್ಟಣದ ಒಳಮೈ, ಹಳೆಯ ಕ್ಯಾಲೆಂಡರಿನ ಹಿಂಬದಿ. ಪುಸ್ತಕದಲ್ಲಿ ಯಾವುದಾದರೂ ಚಿತ್ರ ಇಷ್ಟವಾದರೆ ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಬಿಸಿಲಿನ ಬೆಳಕಲ್ಲಿ ಗೆರೆ ತೆಗೆಯುತ್ತಿದ್ದಳು. ಕಿಟಕಿಯಲ್ಲಿ ಕೈ ನೋಯುತ್ತದೆ ಎಂದು ಆಮೇಲೆ ಎರಡು ಇಟ್ಟಿಗೆಯ ಮೇಲೆ ಗಾಜಿನ ತುಂಡು ಇಟ್ಟು, ಕೆಳಗೆ ಬಲ್ಬು ಉರಿಸಿ ಅದರ ಮೇಲೆ ಬಿಡಿಸುವುದು ಕಲಿತಳು. “ದೊಡ್ಡ ದೊಡ್ಡ ಚಿತ್ರಗಾರರೂ ಹೀಗೇ ಮಾಡುದಂತೆ ಅಮ್ಮ, ಅದಕ್ಕೊಂದು ಪೆಟ್ಟಿಗೆಯೇ ಬರ್ತದೆ,” ಎಂದು ಎಷ್ಟೋ ವರ್ಷದ ಮೇಲೆ ಹೇಳಿದಳು. ತಾನು ಕಂಡುಹಿಡಿದದ್ದು ಮೊದಲೇ ಇತ್ತಲ್ಲ ಎಂದು ಅವಳಿಗೆ ಖುಷಿಯೂ ಆಗಿತ್ತು, ಸ್ವಲ್ಪ ಬೇಸರವೂ ಆಗಿತ್ತು.

ಡಿಗ್ರಿ ಮುಗಿದ ಮೇಲೆ ಮೂಡುಬಿದಿರೆಯ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಸಂಘದ ರಶೀದಿ ಪುಸ್ತಕ ಇದೆಲ್ಲ ಮಾಡುವ ಅಂಗಡಿ. ಯಜಮಾನ ದಿನಕರಣ್ಣ ಒಳ್ಳೆಯವರು. ಕೆಲಸ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರ್, ಸ್ಕ್ಯಾನರ್ ಬಳಸಲು ಬಿಡುತ್ತಿದ್ದರು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಚಿತ್ರ ಬಿಡಿಸುವ ಒಂದು ಸಾಫ್ಟ್‌ವೇರ್ ಪುಕ್ಕಟೆಯಾಗಿ ಇತ್ತಂತೆ. ಅದನ್ನು ಹಾಕಿಕೊಂಡು ತಾನಾಗಿಯೇ ಕಲಿತಳು. ಇಂಟರ್ನೆಟ್ಟಿನಲ್ಲಿ ಹೊರದೇಶದ ಚಿತ್ರಗಾರರು ಕಲಿಯುವವರಿಗಾಗಿ ಪಾಠ ಬರೆದಿಟ್ಟಿರುತ್ತಾರೆ. ಸೈಬರ್ ಕೆಫೆಯಲ್ಲಿ ಅವುಗಳನ್ನು ಪ್ರಿಂಟ್ ತೆಗೆಸಿ ತರುತ್ತಿದ್ದಳು. ಮುಖದಲ್ಲಿ ಸಿಟ್ಟು ಹೇಗೆ ತರುವುದು, ದೂರದ ವಸ್ತು ಸಣ್ಣದಾಗಿ ಹೇಗೆ ಕಾಣಬೇಕು, ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ಓದುವವರ ಕಣ್ಣು ಹೇಗೆ ಹೋಗಬೇಕು. ಎಲ್ಲ ಇಂಗ್ಲಿಷಿನಲ್ಲಿ. ಡಿಕ್ಷನರಿ ಇಟ್ಟುಕೊಂಡು ಓದುತ್ತಿದ್ದಳು, ನನಗೂ ವಿವರಿಸುತ್ತಿದ್ದಳು. ನಾನು ಎಲೆ ಕತ್ತರಿಸುತ್ತಾ ಹೂಂ ಹೂಂ ಎನ್ನುತ್ತಿದ್ದೆ. ಒಂದು ಸಣ್ಣ ಕನ್ನಡಿ ಎದುರಿಗಿಟ್ಟುಕೊಂಡು ಹಲ್ಲು ಕಿರಿದು, ಹುಬ್ಬು ಗಂಟಿಕ್ಕಿ, ಅದನ್ನೇ ನೋಡಿ ಬಿಡಿಸುತ್ತಿದ್ದಳು.

“ಹುಡುಗಿಗೆ ಎಂತಾದರೂ ಗಾಳಿ ಸೋಂಕಿತಾ ಲೀಲಕ್ಕ?” ಎಂದು ಗಿರಿಜ ಕೇಳಿದ್ದಳು.

“ಸೋಂಕಿದ್ದು ಹೌದು. ನಿನ್ನದೇ ಮುಖ ಮಾಡ್ತಾ ಇದ್ದಾಳೆ, ಸರಿ ನೋಡು,” ಎಂದಿದ್ದೆ.

ಅದು ನಿಜವೇ ಆಗಿತ್ತು. 2003ರಲ್ಲಿ ಅವಳು ಶುರುಮಾಡಿದ ಚಿತ್ರಕಥೆಯ ಹೆಸರು ‘ಜಗಲಿ ಪಂಚಾತಿಕೆ’. ಅದರಲ್ಲಿ ಇಬ್ಬರೇ ಹೆಂಗಸರು, ದೊಡ್ಡಕ್ಕ ಮತ್ತು ಸಣ್ಣಕ್ಕ. ಬೀಡಿ ಕಟ್ಟುತ್ತಾ ಊರಿನ ಪಂಚಾತಿಕೆ ಮಾತಾಡುತ್ತಾರೆ. ಸುತ್ತ ಒಂದು ಕೋಳಿ ತಿರುಗುತ್ತಿರುತ್ತದೆ, ಅದರ ಹೆಸರು ಸರೋಜ. ಗಿರಿಜ ತನ್ನ ತವರುಮನೆ ಅಳದಂಗಡಿಯಿಂದ ತಂದಿದ್ದ ಕೋಳಿಯೊಂದು ನಮ್ಮ ಅಂಗಳಕ್ಕೇ ಬಂದು ಠಿಕಾಣಿ ಹೂಡಿತ್ತು. ಅದನ್ನೇ ವನಿತ ಎತ್ತಿಕೊಂಡಿದ್ದಳು. ಪುಕ್ಕಟೆ ಜಾಗ ಕೊಡುವ ಒಂದು ವೆಬ್‌ಸೈಟಿನಲ್ಲಿ ವಾರಕ್ಕೊಂದು ಪುಟ ಹಾಕುತ್ತಿದ್ದಳು.

ಮೊದಮೊದಲು ಅವಳಿಗೆ ಕೈ ಬಿಡಿಸಲು ಬರುತ್ತಿರಲಿಲ್ಲ. ದೊಡ್ಡಕ್ಕನ ಕೈ ಗೆರಸೆಯ ಹಿಂದೆ, ಸಣ್ಣಕ್ಕನ ಕೈ ಸೆರಗಿನ ಒಳಗೆ. ಯಾವುದೋ ದೇಶದ ಒಬ್ಬರು ಅದರ ಕೆಳಗೆ, ‘ಇವರು ಕೈಯಲ್ಲಿ ಕೆಲಸ ಮಾಡುವವರಲ್ಲವೇ, ಕೈ ಎಲ್ಲಿ?’ ಎಂದು ಬರೆದರಂತೆ. ವನಿತ ಎರಡು ದಿನ ಸಪ್ಪೆ ಮುಖ ಹಾಕಿಕೊಂಡಿದ್ದಳು. ಮೂರನೆಯ ದಿನ ನನ್ನ ಎದುರು ಬಂದು ಕೂತಳು.

“ನೀನು ಕಟ್ಟು ಅಮ್ಮ. ಆದರೆ ಮೆಲ್ಲ ಕಟ್ಟು.”

“ಮೆಲ್ಲ ಕಟ್ಲಿಕ್ಕೆ ನನಗೆ ಬರುದಿಲ್ಲ ಮಾರಾಯ್ತಿ.”

“ಹಾಗಾದ್ರೆ ನಿಲ್ಲು ಅನ್ನುವಾಗ ನಿಲ್ಲು.”

ಹಾಗೆ ತಿಂಗಳುಗಟ್ಟಲೆ ನನ್ನ ಕೈಯನ್ನು ನೋಡಿ ನೋಡಿ ಬಿಡಿಸಿದಳು. ಎಲೆ ಸುತ್ತುವಾಗ ಹೆಬ್ಬೆರಳು ಹೇಗೆ ಬಾಗುತ್ತದೆ, ತುದಿ ಮಡಚುವಾಗ ಉಗುರು ಎಲ್ಲಿ ಊರುತ್ತದೆ ಎಂದು ನನಗೇ ಗೊತ್ತಿಲ್ಲದ್ದು ಅವಳಿಗೆ ಗೊತ್ತಾಯಿತು. ಆಮೇಲೆ ಅವಳ ಚಿತ್ರಗಳಲ್ಲಿ ಎಲ್ಲಕ್ಕಿಂತ ಚೆಂದ ಕೈಗಳೇ ಎಂದು ಓದುವವರು ಹೇಳುವಂತಾಯಿತು.

ಇನ್ನು ಅಕ್ಷರದ ವಿಷಯ. ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡಿ ಹಾಕಿದರೆ ಬೇರೆಯವರ ಕಂಪ್ಯೂಟರಿನಲ್ಲಿ ಆಗ ಅದು ಏನೇನೋ ಚಿಹ್ನೆಗಳಾಗಿ ಕಾಣುತ್ತಿತ್ತು. ಅಂಗಡಿಯ ಅಕ್ಷರಗಳೋ, ಮದುವೆ ಕಾಗದದ ಅಕ್ಷರಗಳು. ದೊಡ್ಡಕ್ಕ ಬಾಯಿ ತೆರೆದರೆ ‘ಸುಖಾಗಮನ ಬಯಸುವ’ ಎಂದು ಹೇಳಿದ ಹಾಗೆ ಕಾಣುತ್ತದೆ ಎಂದು ನಗುತ್ತಿದ್ದಳು. ನಾನು ಓದಿದ್ದು ಏಳನೆಯ ತರಗತಿ. ಆದರೆ ನನ್ನ ಅಕ್ಷರ ಗುಂಡಗಿದೆ ಎಂದು ಆಗಿನ ಮಾಷ್ಟ್ರು ಹೇಳುತ್ತಿದ್ದರು. ಒಂದು ದಿನ ಬ್ರಾಂಚಿನ ಚೀಲದ ಮೇಲೆ ನಾನು ಬರೆದಿದ್ದ ಹೆಸರು ನೋಡಿ ವನಿತ, “ಅಮ್ಮ, ಇನ್ನು ನಿನ್ನ ಅಕ್ಷರವೇ ನಮ್ಮ ಫಾಂಟು,” ಎಂದಳು.

ಮೊದಲ ಸಲ ಚಿತ್ರದಲ್ಲಿದ್ದ ಮಾತಿನ ಗುಳ್ಳೆಯೊಳಗೇ ಬರೆದೆ. ಮಸಿ ಹರಡಿತು. ಆಗ ಅವಳು ಪ್ರಿಂಟ್ ತಂದಿದ್ದ ಪಾಠ ತೆಗೆದು ತೋರಿಸಿದಳು. ಅಕ್ಷರವನ್ನು ಚಿತ್ರದ ಮೇಲೆ ಬರೆಯಬೇಡಿ, ಬೇರೆ ಹಾಳೆಯಲ್ಲಿ ಬರೆದು ಕಂಪ್ಯೂಟರಿನಲ್ಲಿ ಸೇರಿಸಿ, ಆಗ ತಪ್ಪು ತಿದ್ದುವುದು ಸುಲಭ, ಚಿತ್ರವೂ ಕೆಡುವುದಿಲ್ಲ ಎಂದು ಅದರಲ್ಲಿತ್ತು. ಒಳ್ಳೆಯ ಪಾಠವೇ. ಅಂದಿನಿಂದ ಅವಳು ಮಾತುಗಳನ್ನು ಹೇಳುವುದು, ನಾನು ಬಿಳಿ ಹಾಳೆಯಲ್ಲಿ ಒಂದರ ಕೆಳಗೆ ಒಂದು ಬರೆಯುವುದು. ಯಾವ ಮಾತು ಯಾವ ಚಿತ್ರಕ್ಕೆ ಎಂದು ನಾನು ಕೇಳುತ್ತಿರಲಿಲ್ಲ. ಅವಳು ಹಾಳೆಯನ್ನು ಅಂಗಡಿಗೆ ಕೊಂಡುಹೋಗಿ ಸ್ಕ್ಯಾನ್ ಮಾಡಿ, ಮಾತುಗಳನ್ನು ಒಂದೊಂದಾಗಿ ಎತ್ತಿ ಗುಳ್ಳೆಗಳಲ್ಲಿ ಕೂರಿಸುತ್ತಿದ್ದಳು. ಆಮೇಲೆ ಹಾಳೆ ಅಂಗಡಿಯ ಕಸದ ಬುಟ್ಟಿಗೆ. ಚಿತ್ರಗಳು ಮಾತ್ರ ಮನೆಗೆ ವಾಪಸು ಬಂದು ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆ ಸೇರುತ್ತಿದ್ದವು, ಬರೀ ಗುಳ್ಳೆಗಳೊಂದಿಗೆ.

2007ರ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಆಗ ಕಥೆಯಲ್ಲಿ ಸರೋಜ ಕಾಣೆಯಾಗಿದ್ದಳು. ದೊಡ್ಡಕ್ಕ, ಸಣ್ಣಕ್ಕ ಇಬ್ಬರೂ ಬೀಡಿ ಬಿಟ್ಟು ಊರೆಲ್ಲ ಹುಡುಕುತ್ತಿದ್ದರು. ಮುಂದಿನ ಪುಟದ ಚಿತ್ರ ಬಿಡಿಸಿ ಆಗಿತ್ತು. ನಾನು ಹಾಳೆ, ಪೆನ್ನು ಹಿಡಿದು ಅವಳ ಹಾಸಿಗೆಯ ಹತ್ತಿರ ಹೋದೆ.

“ಎಂತ ಬರೀಬೇಕು ಹೇಳು.”

“ನಾಳೆ ಹೇಳ್ತೇನೆ ಅಮ್ಮ. ಮಾತು ಇನ್ನೂ ಸರಿ ಕೂರ್ಲಿಲ್ಲ.”

ಮರುದಿನ ಜ್ವರ ಏರಿತು. ಕಣ್ಣು ಹಳದಿಯಾಯಿತು. ಇಲಿಜ್ವರ ಎಂದರು. ಮೂಡುಬಿದಿರೆಯಿಂದ ಮಂಗಳೂರಿಗೆ ಕರೆದುಕೊಂಡು ಹೋದೆವು. ಅದರ ಮುಂದಿನದ್ದನ್ನು ನಾನು ಬರೆಯುವುದಿಲ್ಲ. ಬರೆಯಲು ಕೂತು ಎರಡು ಸಲ ಹರಿದು ಹಾಕಿದ್ದೇನೆ. ಅವಳಿಗೆ ಇಪ್ಪತ್ತೈದು ವಯಸ್ಸು.

ಅವಳು ಹೋದ ಮೇಲೆ ಬ್ರಾಂಚಿಗೋ ಬ್ಯಾಂಕಿಗೋ ಮೂಡುಬಿದಿರೆಗೆ ಹೋದಾಗಲೆಲ್ಲ ದಿನಕರಣ್ಣನ ಅಂಗಡಿಗೆ ಹೋಗುತ್ತಿದ್ದೆ. ಅವರು ಮಾತಿಲ್ಲದೆ ಒಂದು ಕುರ್ಚಿ ಎಳೆದು, ವನಿತಳ ಸೈಟು ತೆರೆದು ಕೊಟ್ಟು, ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಒಂದೆರಡು ಪುಟ ನೋಡುವಾಗ ಕಣ್ಣು ಮಂಜಾಗುತ್ತಿತ್ತು. ಎದ್ದು ಬರುತ್ತಿದ್ದೆ. ಮುಂದಿನ ಸಲ ಉಳಿದದ್ದು ನೋಡುವ ಎಂದುಕೊಳ್ಳುತ್ತಿದ್ದೆ. ಎಲ್ಲಿಗೆ ಹೋಗುತ್ತದೆ, ಅಲ್ಲೇ ಇರುತ್ತದಲ್ಲ.

2009ರಲ್ಲಿ ಒಂದು ದಿನ ಅದು ತೆರೆಯಲಿಲ್ಲ. ಪುಕ್ಕಟೆ ಜಾಗ ಕೊಡುತ್ತಿದ್ದ ಕಂಪೆನಿಯೇ ಆ ವ್ಯವಸ್ಥೆಯನ್ನು ಮುಚ್ಚಿತ್ತು. ಮೊದಲೇ ತಿಳಿಸಿದ್ದರಂತೆ, ವನಿತಳ ಈಮೇಲಿಗೆ. ಅದನ್ನು ನೋಡುವವರು ಯಾರು? ದಿನಕರಣ್ಣನ ಹಳೆಯ ಕಂಪ್ಯೂಟರ್ ಸಿಡಿಲಿಗೆ ಸುಟ್ಟುಹೋಗಿತ್ತು. ವನಿತ ಒಂದು ಸಿ.ಡಿ.ಯಲ್ಲಿ ತುಂಬಿಸಿಟ್ಟದ್ದಿತ್ತು. ಅದರ ಮೇಲೆ ಮಳೆಗಾಲದ ಬೂಷ್ಟು ಹಿಡಿದಿತ್ತು, ಒರೆಸಿ ಹಾಕಿದರೂ ಓದಲಿಲ್ಲ. ಇಂಟರ್ನೆಟ್ಟಿನಲ್ಲಿ ಹಳೆಯದನ್ನೆಲ್ಲ ತೆಗೆದಿಡುವ ಒಂದು ಜಾಗ ಉಂಟಂತೆ. ದಿನಕರಣ್ಣ ಅಲ್ಲೂ ಹುಡುಕಿದರು. ‘ಜಗಲಿ ಪಂಚಾತಿಕೆ’ ಎಂಬ ಹೆಸರು ಬಂತು, ಚಿತ್ರ ಇರಬೇಕಾದಲ್ಲಿ ಒಂದು ಖಾಲಿ ಚೌಕ ಬಂತು.

“ಬೇಸರ ಮಾಡ್ಬೇಡಿ ಲೀಲಕ್ಕ,” ಎಂದರು. ಬೇರೆ ಏನು ಹೇಳುತ್ತಾರೆ?

ಮನೆಗೆ ಬಂದು ರಟ್ಟಿನ ಪೆಟ್ಟಿಗೆ ತೆಗೆದೆ. ಚಿತ್ರಗಳೆಲ್ಲ ಇದ್ದವು. ದೊಡ್ಡಕ್ಕ ಬಾಯಿ ತೆರೆದಿದ್ದಾಳೆ, ಸಣ್ಣಕ್ಕ ನಗುತ್ತಿದ್ದಾಳೆ, ಕೋಳಿ ಓಡುತ್ತಿದೆ. ಗುಳ್ಳೆಗಳು ಖಾಲಿ. ಅವುಗಳಲ್ಲಿದ್ದ ಪ್ರತಿಯೊಂದು ಮಾತನ್ನೂ ನನ್ನ ಕೈಯಲ್ಲೇ ಬರೆದಿದ್ದೆ. ಅದರಲ್ಲಿ ಹೆಚ್ಚಿನದು ನಾನು ಮತ್ತು ಗಿರಿಜ ಇದೇ ಜಗಲಿಯಲ್ಲಿ ಆಡಿದ ಮಾತೇ. ಆದರೂ ನೆನಪಿಗೆ ಬರಲಿಲ್ಲ. ದಿನಾ ಆಡುವ ಮಾತನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಎಷ್ಟೋ ದಿನ ಪುಟಗಳನ್ನು ಹರಡಿಕೊಂಡು ಕೂತೆ. ಮಗಳನ್ನು ಎರಡನೆಯ ಸಲ ಕಳೆದುಕೊಂಡ ಹಾಗಾಯಿತು. ಈ ಸಲ ಸಮಾಧಾನ ಹೇಳಲು ಬರುವವರೂ ಇರಲಿಲ್ಲ, ಏಕೆಂದರೆ ಕಳೆದುಹೋದದ್ದು ಏನೆಂದು ಹೇಳಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಅದಾಗಿ ಕೆಲವು ತಿಂಗಳಿಗೇ ಆ ಮನುಷ್ಯ ಅಂಗಳದಲ್ಲಿ ನಿಂತು, “ಸರೋಜ ಸಿಕ್ಕಿದಳಾ?” ಎಂದು ಕೇಳಿದ್ದು.

ಗಿರಿಜ ಎದ್ದು, “ಮೇಲೆ ಬನ್ನಿ, ಕೂತ್ಕೊಳ್ಳಿ,” ಎಂದಳು. ಹಮೀದಣ್ಣ ಜಗಲಿಯ ತುದಿಯಲ್ಲಿ ಕೂತು, ನಾವು ಕೇಳದಿದ್ದರೂ ಹೇಳುತ್ತಾ ಹೋದರು. ಗಲ್ಫಿನಲ್ಲಿ ಒಂದು ದಿನಸಿ ಅಂಗಡಿಯಲ್ಲಿ ಲೆಕ್ಕ ನೋಡುವ ಕೆಲಸವಂತೆ. ಶುಕ್ರವಾರ ರಜೆ. ಗುರುವಾರ ಸಂಜೆ ಅಂಗಡಿಯ ಕಂಪ್ಯೂಟರಿನಲ್ಲಿ ‘ಜಗಲಿ ಪಂಚಾತಿಕೆ’ ತೆರೆದು, ರೂಮಿನ ಜೊತೆಗಾರರಿಗೆಲ್ಲ ದೊಡ್ಡದಾಗಿ ಓದಿ ಹೇಳುತ್ತಿದ್ದರಂತೆ.

“ನಮ್ಮೊಟ್ಟಿಗೆ ಒಬ್ಬ ಕೇರಳದವ ಇದ್ದ. ಅವನಿಗೆ ಮಾತು ಅರ್ಥ ಆಗುದಿಲ್ಲ. ಆದರೂ ಕೋಳಿ ಬಂತಾ ಕೋಳಿ ಬಂತಾ ಅಂತ ಕೇಳ್ತಿದ್ದ. ನನಗೆ ಮೂರನೇ ಕ್ಲಾಸಿನಲ್ಲಿ ಸರೋಜ ಟೀಚರು ಇದ್ದರು. ಕೋಳಿಗೆ ಯಾಕೆ ಅವರ ಹೆಸರು ಇಟ್ಟದ್ದು ಅಂತ ನಾನು ಬರೆದಿದ್ದೆ. ‘ಟೀಚರಿಗೆ ನಮಸ್ಕಾರ ತಿಳಿಸಿ, ಕೋಳಿಯೂ ಶಿಸ್ತಿನದ್ದೇ’ ಅಂತ ಮೇಡಂ ಉತ್ತರ ಬರೆದರು.”

ಇವರ ವಿಷಯ ವನಿತ ಹೇಳಿದ್ದು ನನಗೆ ಆಗ ನೆನಪಾಯಿತು. ‘ಗಲ್ಫಿನ ಒಬ್ಬರು ಟೀಚರ ಪರವಾಗಿ ಜಗಳಕ್ಕೆ ಬಂದಿದ್ದಾರೆ ಅಮ್ಮ’ ಎಂದು ನಕ್ಕಿದ್ದಳು.

“ಆಮೇಲೆ ಒಮ್ಮೆಲೇ ನಿಂತುಹೋಯಿತು,” ಎಂದರು ಹಮೀದಣ್ಣ. “ಕೋಳಿ ಕಾಣೆಯಾದಲ್ಲಿಗೇ. ಮದುವೆ ಆಗಿರ್ಬೇಕು, ಗಂಡನ ಮನೆಯಲ್ಲಿ ಪುರುಸೊತ್ತು ಇರ್ಲಿಕ್ಕಿಲ್ಲ ಅಂತ ಎಣಿಸಿದೆ. ಈಗ ನೋಡಿದ್ರೆ ಸೈಟೇ ಇಲ್ಲ. ಸೈಟಿನಲ್ಲಿ ಪುತ್ತಿಗೆ ಅಂತ ಇದ್ದದ್ದು ಗೊತ್ತಿತ್ತು. ರಜೆಯಲ್ಲಿ ಬಂದವ ಸಿದ್ದಕಟ್ಟೆ ದಾರಿಯಾಗಿ ಬಸ್ಸಿನಲ್ಲಿ ಬಂದೆ, ಆಟೋದವನ ಹತ್ರ ಚಿತ್ರ ಬಿಡಿಸುವ ವನಿತನ ಮನೆ ಅಂದೆ. ಅವ ಎಂತದೂ ಮಾತಾಡದೆ ಕರ್ಕೊಂಡು ಬಂದ.”

ಅವರು ಹೂವಿನ ಕಾಗದದ ಪೆಟ್ಟಿಗೆಯನ್ನು ಮುಂದಿಟ್ಟರು. “ಎಂತದರಲ್ಲಿ ಬಿಡಿಸುದು ಅಂತ ನಾನೊಮ್ಮೆ ಕೇಳಿದ್ದೆ. ಕಾಗದದ್ದು ಶಾಯಿ ಪೆನ್ನಿನಲ್ಲಿ, ಕಂಪ್ಯೂಟರಿನಲ್ಲಿ ತಿದ್ದುದು ಮೌಸಿನಲ್ಲಿ, ಸೋಪಿನ ತುಂಡು ಹಿಡಿದು ರಂಗೋಲಿ ಹಾಕಿದ ಹಾಗೆ ಆಗ್ತದೆ ಅಂದಿದ್ದರು. ಪೆನ್ನಿನಲ್ಲಿ ಬರೆದ್ರೆ ಸೀದ ಕಂಪ್ಯೂಟರಿನಲ್ಲಿ ಮೂಡುವ ಹಲಗೆ ಒಂದು ಬರ್ತದೆ, ಅದು ನನಗೆ ಯಾವತ್ತಾದರೂ ಸಿಗ್ಬಹುದು ಅಂತಲೂ ಬರೆದಿದ್ದರು. ಇದು ಅದೇ. ಮದುವೆಯ ಉಡುಗೊರೆ ಅಂತ ಇಟ್ಟುಕೊಳ್ಳಲಿ. ಈಗ ಎಲ್ಲಿ ಇರುದು ಅವರು? ಬೆಳ್ತಂಗಡಿ ಕಡೆಗಾ?”

ಗಿರಿಜ ಒಳಗೆ ಹೋಗಿಬಿಟ್ಟಳು. ನಾನೇ ಹೇಳಬೇಕಾಯಿತು.

“ವನಿತ ಇಲ್ಲ ಅಣ್ಣ. ತೀರಿಕೊಂಡಳು. ಕೋಳಿ ಕಾಣೆಯಾಯಿತಲ್ಲ, ಆ ವಾರವೇ.”

ಅವರು ಪೆಟ್ಟಿಗೆಯ ಮೇಲೆ ಇಟ್ಟ ಕೈಯನ್ನು ಹಾಗೇ ಇಟ್ಟುಕೊಂಡರು. “ನಾನು ಮದುವೆ ಅಂತ ಎಣಿಸಿದೆ ಅಕ್ಕ,” ಎಂದರು. ಮತ್ತೆ ಅದನ್ನೇ ಹೇಳಿದರು. ಚಾ ತಂದ ಗಿರಿಜ ಲೋಟವನ್ನು ಅವರ ಹತ್ತಿರ ಇಟ್ಟಳು. ಅವರು ಅದರ ಕಡೆ ನೋಡಲಿಲ್ಲ.

ಗಿರಿಜ ನನ್ನ ಕಿವಿಯಲ್ಲಿ, “ಆ ರಟ್ಟಿನ ಪೆಟ್ಟಿಗೆ ತಾ ಲೀಲಕ್ಕ. ದೊಡ್ಡದಾಗಿ ಓದಿ ಹೇಳ್ತಿದ್ದವರಂತೆ. ಇವರಿಗೆ ನೆನಪಿರ್ಬಹುದು,” ಎಂದಳು.

ನನಗೆ ಅದು ಹೊಳೆದಿರಲಿಲ್ಲ. ರಟ್ಟಿನ ಪೆಟ್ಟಿಗೆ ತಂದು ಅವರ ಮುಂದೆ ಇಟ್ಟು, ಅಕ್ಷರಗಳು ಹೇಗೆ ಹೋದವು ಎಂದು ಹೇಳಿದೆ. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಮೊದಲ ಪುಟವನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರ ತಂದು ನೋಡಿದರು.

“ಇದು ಗೊತ್ತುಂಟು,” ಎಂದರು. “ಸರೋಜ ಗೆರಸೆಯಲ್ಲಿ ಮೊಟ್ಟೆ ಇಟ್ಟದ್ದು. ಸಣ್ಣಕ್ಕ ಹೇಳ್ತಾರೆ, ‘ಇದನ್ನೂ ಬ್ರಾಂಚಿಗೆ ಕೊಂಡುಹೋಗುವಾ?’ ದೊಡ್ಡಕ್ಕ ಹೇಳ್ತಾರೆ, ‘ಬೇಡ ಮಾರಾಯ್ತಿ, ತುದಿ ಸರಿ ಮಡಚಲಿಲ್ಲ ಅಂತ ವಾಪಸು ಕೊಡ್ತಾರೆ.’”

ಗಿರಿಜ ಒಮ್ಮೆಲೇ ನಕ್ಕಳು. ನಕ್ಕವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದೊಡ್ಡಕ್ಕನ ಬಾಯಿಯಲ್ಲಿದ್ದರೂ ಅದು ಅವಳದೇ ಮಾತು. ಯಾವತ್ತೋ ಬ್ರಾಂಚಿನಲ್ಲಿ ಬೀಡಿ ವಾಪಸು ಮಾಡಿದ ಸಿಟ್ಟಿನಲ್ಲಿ ಹೇಳಿದ್ದಳು.

ನಾನು ಪೆನ್ಸಿಲ್ ತೆಗೆದುಕೊಂಡೆ. ಹಮೀದಣ್ಣ ಹೇಳಿದ ಹಾಗೆ ಗುಳ್ಳೆಯೊಳಗೆ ಬರೆದೆ. ಎರಡು ವರ್ಷದಲ್ಲಿ ಕೈ ಕೆಟ್ಟಿತ್ತು. ಗುಂಡಗಿನ ಅಕ್ಷರ ಬರಲಿಲ್ಲ.

ಮದುವೆ ಮಾತುಕತೆಯ ಪುಟವೂ ಅವರಿಗೆ ಗೊತ್ತಿತ್ತು. ‘ಹುಡುಗನಿಗೆ ಮಾತು ಕಡಿಮೆಯಂತೆ.’ ‘ಒಳ್ಳೆದೇ ಆಯ್ತು. ಮದುವೆ ಆದ ಮೇಲೆ ಹೇಗೂ ಅವಕಾಶ ಸಿಗುದಿಲ್ಲ, ಈಗಲೇ ಅಭ್ಯಾಸ ಆಗಲಿ.’ ಹೇಳುವಾಗ ಅವರ ಧ್ವನಿ ಬದಲಾಗುತ್ತಿತ್ತು. ದೊಡ್ಡಕ್ಕನಿಗೆ ಒಂದು, ಸಣ್ಣಕ್ಕನಿಗೆ ಒಂದು. ಮರುಭೂಮಿಯ ಆಚೆ ಯಾವುದೋ ರೂಮಿನಲ್ಲಿ ಈ ಮನುಷ್ಯ ನಾನು ಮತ್ತು ಗಿರಿಜ ಆಗಿ ಮಾತಾಡಿದ್ದಾರೆ, ಜನ ನಕ್ಕಿದ್ದಾರೆ. ನನ್ನ ಮಗಳು ಇದೆಲ್ಲ ನೋಡಲಿಲ್ಲ.

ಆದರೆ ಅವರ ನೆನಪೂ ಬೇಗನೆ ಬತ್ತಿತು. ನಗು ಬರುವ ಪುಟಗಳು ಮಾತ್ರ ಉಳಿದಿದ್ದವು. ಮಳೆ ನೋಡುತ್ತಾ ಕೂತ ಪುಟ, ದೊಡ್ಡಕ್ಕ ಒಬ್ಬಳೇ ದೀಪದ ಮುಂದೆ ಎಲೆ ಕತ್ತರಿಸುವ ಪುಟ, ಅವುಗಳ ಮಾತು ಅವರಿಗೆ ಗೊತ್ತಿರಲಿಲ್ಲ. ಒಂದು ಪುಟಕ್ಕೆ ಹೇಳಿದ್ದನ್ನೇ ಮತ್ತೊಂದಕ್ಕೂ ಹೇಳಿದರು. ನಾನು ಬರೆದುಕೊಂಡದ್ದನ್ನು ಅಳಿಸಬೇಕಾಯಿತು. ಹಣೆ ಒತ್ತಿಕೊಂಡು, “ಕ್ಷಮಿಸಿ ಅಕ್ಕ. ಇದರಲ್ಲಿ ನಗೆ ಇರ್ಲಿಲ್ಲ, ನಾನು ಬೇಗ ದಾಟಿ ಹೋಗಿರ್ಬೇಕು,” ಎಂದರು. ಪುಟ ಮಗುಚುತ್ತಾ ಹೋದ ಹಾಗೆ ಅವರ ಕೈ ನಿಧಾನವಾಯಿತು. ಕೊನೆಗೆ ಉಳಿದದ್ದು ಅವರು ನೋಡಿರದ ಪುಟ.

ಅದು ಅವಳು ಕೊನೆಗೆ ಬಿಡಿಸಿದ್ದು. ಒಂದೇ ದೊಡ್ಡ ಚಿತ್ರ. ದೊಡ್ಡಕ್ಕ, ಸಣ್ಣಕ್ಕ ಜಗಲಿಯಲ್ಲಿ ಕೂತು ಬಾಗಿಲ ಕಡೆ ನೋಡುತ್ತಿದ್ದಾರೆ. ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಾಳೆ. ಎರಡು ಜಡೆ, ಅಂಗಡಿಗೆ ಹೋಗುವಾಗ ಹಾಕುತ್ತಿದ್ದ ಚೂಡಿದಾರ. ಅದು ವನಿತಳೇ. ಕಥೆಯಲ್ಲಿ ಅವಳು ತನ್ನನ್ನು ಬಿಡಿಸಿಕೊಂಡದ್ದು ಅದೊಂದೇ ಸಲ. ಎರಡೂ ಕೈ ಬೆನ್ನ ಹಿಂದೆ. ತಲೆಯ ಮೇಲೆ ಒಂದು ಗುಳ್ಳೆ, ಖಾಲಿ.

ಈ ಮನುಷ್ಯನಿಗೆ ಅವಳು ಉತ್ತರ ಬರೆಯುತ್ತಿದ್ದಳಲ್ಲ, ಏನಾದರೂ ಹೇಳಿರಬಹುದಲ್ಲ ಎಂಬ ಆಸೆ ನನಗೆ. “ಕೋಳಿ ಎಂತಾಯಿತು ಅಂತ ನೀವು ಅವಳ ಹತ್ರ ಕೇಳಿದ್ದಿರಾ?” ಎಂದೆ.

“ಕೇಳಿದ್ದೆ. ‘ಬರುವ ವಾರ ನೋಡಿ’ ಅಂತ ಬರೆದಿದ್ದರು.”

“ಅಷ್ಟೇಯಾ?”

“ಅಷ್ಟೇ ಅಕ್ಕ.”

ಅವರು ಚಿತ್ರವನ್ನು ಮತ್ತೆ ನೋಡಿ, “ಕೈ ಹಿಂದೆ ಉಂಟು. ಕೋಳಿಯನ್ನು ಹಿಂದೆ ಅಡಗಿಸಿ ಹಿಡ್ಕೊಂಡಿದ್ದಾರೆ. ‘ಯಾರು ಬಂದದ್ದು ನೋಡಿ’ ಅಂತ ಹೇಳ್ತಿರ್ಬೇಕು,” ಎಂದರು.

ಗಿರಿಜ ತಲೆ ಅಲ್ಲಾಡಿಸಿದಳು. “ಕೋಳಿ ಆದ್ರೆ ಬಾಲವಾದ್ರೂ ಕಾಣ್ಬೇಕಲ್ಲ. ಅವಳು ಹಾಗೆ ಬಿಡುವವಳಲ್ಲ. ಖಾಲಿ ಕೈ ಅದು.”

“ಖಾಲಿ ಕೈ ಆದರೆ ಯಾಕೆ ಹಿಂದೆ ಇಡುದು?”

“ಖಾಲಿ ಅಂತಲೇ ಹಿಂದೆ ಇಡುದು. ನಮಗೆ ಹೇಗೆ ಹೇಳುದು ಅಂತ.”

ಇಬ್ಬರೂ ನನ್ನ ಕಡೆ ನೋಡಿದರು. ನಾನು ಪೆನ್ಸಿಲ್ ಹಿಡಿದುಕೊಂಡು ಕೂತಿದ್ದೆ. ಅವಳ ಮುಖದಲ್ಲಿ ನಗು ಉಂಟಾ, ಅಳು ಉಂಟಾ ಎಂದು ನೋಡಿದೆ. ಬಾಯಿ ತೆರೆದಿತ್ತು, ಮಾತಾಡಲು ಹೊರಟಾಗ ತೆರೆಯುತ್ತದಲ್ಲ ಹಾಗೆ. ಕನ್ನಡಿ ಎದುರಿಗಿಟ್ಟುಕೊಂಡು ಬಿಡಿಸಿದ್ದಿರಬೇಕು. ಪೆನ್ಸಿಲ್ ಕೆಳಗಿಟ್ಟೆ.

ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಹಮೀದಣ್ಣ ಎದ್ದರು. ಆರಿದ ಚಾವನ್ನು ನಿಂತುಕೊಂಡೇ ಕುಡಿದರು. ಉಡುಗೊರೆಯ ಪೆಟ್ಟಿಗೆಯನ್ನು ಹಿಂದೆ ಕೊಟ್ಟೆ. ತೆಗೆದುಕೊಳ್ಳಲಿಲ್ಲ. “ಇದು ಅವರದ್ದು. ಚಿತ್ರ ಬಿಡಿಸುವ ಯಾರಾದರೂ ಮಕ್ಕಳಿದ್ರೆ ಕೊಡಿ,” ಎಂದರು. ಅಂಗಳ ದಾಟಿ ಗೇಟಿನ ಹತ್ತಿರ ನಿಂತು ತಿರುಗಿ ನಮ್ಮಿಬ್ಬರನ್ನೂ ನೋಡಿದರು. ಬರುವಾಗ ನಕ್ಕ ಹಾಗೆ ನಗಲು ನೋಡಿದರು, ಆಗಲಿಲ್ಲ. ಆಮೇಲೆ ಅವರನ್ನು ನಾನು ನೋಡಲಿಲ್ಲ. ಒಮ್ಮೆ ಹಬ್ಬಕ್ಕೆ ಫೋನು ಮಾಡಿದ್ದರು. ಕೋಳಿಯ ವಿಷಯ ಇಬ್ಬರೂ ಎತ್ತಲಿಲ್ಲ.

ಅವರು ಹೋದ ಮೇಲೆ ಗಿರಿಜ ಒಂದು ಉಪಾಯ ಹೇಳಿದಳು. ನಾವಿಬ್ಬರೂ ಮೊದಲಿನ ಹಾಗೆ ಮಾತಾಡುವ, ಚಿತ್ರ ಎದುರಿಗಿಟ್ಟುಕೊಂಡು. ನಮ್ಮದೇ ಮಾತಲ್ಲವಾ, ತನ್ನಿಂದ ತಾನೇ ಬರಬಹುದು. ಮರುದಿನ ಹಾಗೆ ಕೂತೆವು. ಮಳೆಯ ಪುಟ ಎದುರಿಗಿಟ್ಟೆವು. ಇಬ್ಬರೂ ಗೆರಸೆ ಹಿಡಿದೆವು.

“ಮಾತಾಡು,” ಎಂದಳು ಗಿರಿಜ.

“ನೀನು ಮಾತಾಡು.”

ಎಲೆ ಕತ್ತರಿಸುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆಗ ನನಗೆ ಗೊತ್ತಾಯಿತು, ವನಿತ ಹೋದ ಮೇಲೆ ನಾವು ಆ ಜಗಲಿಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದೆವು. ಎಲೆ ತಂದೆಯಾ, ನೂಲು ಮುಗಿಯಿತಾ, ಅಷ್ಟೇ. ಗುಳ್ಳೆಗಳು ಖಾಲಿಯಾದದ್ದು ಕಂಪೆನಿ ಬಾಗಿಲು ಮುಚ್ಚಿದ ದಿನ ಅಲ್ಲ.

ಇದೆಲ್ಲ ಆಗಿ ವರ್ಷಗಳಾದವು. ಈಗ ಚಿತ್ರಕಥೆ ಬಿಡಿಸುವ ಮಕ್ಕಳು ಬಹಳ ಇದ್ದಾರಂತೆ. ಅವರಿಗೆ ಕಲಿಯಲು ಬೇಕಾದ್ದೆಲ್ಲ ಕೈಯಲ್ಲೇ ಸಿಗುತ್ತದಂತೆ. ನನಗೆ ಅದರ ವಿಷಯ ಗೊತ್ತಿಲ್ಲ. ಗೊತ್ತಿರುವುದು ಒಂದೇ, ಅದನ್ನು ಹೇಳುತ್ತೇನೆ. ಚಿತ್ರ ಒಂದು ಕಡೆ, ಮಾತು ಒಂದು ಕಡೆ ಇಟ್ಟು ಕೆಲಸ ಮಾಡಿ, ಅದು ಒಳ್ಳೆಯ ಕ್ರಮವೇ ಇರಬಹುದು. ಆದರೆ ಎರಡೂ ಸೇರಿದ ಪುಟವನ್ನು ಕಾಗದದ ಮೇಲೆ ತೆಗೆಸಿ ಮನೆಯಲ್ಲೊಂದು ಇಡಿ. ನಿಮಗಾಗಿ ಅಲ್ಲ, ಮನೆಯಲ್ಲಿರುವವರಿಗಾಗಿ.

ಹಮೀದಣ್ಣ ತಂದ ಹಲಗೆ ಈಗಲೂ ಕಪಾಟಿನಲ್ಲಿದೆ. ಯಾರಿಗೂ ಕೊಡಲು ಮನಸ್ಸು ಬಂದಿಲ್ಲ, ಹೂವಿನ ಕಾಗದವನ್ನೂ ಬಿಚ್ಚಿಲ್ಲ. ಕೊನೆಯ ಪುಟದ ಗುಳ್ಳೆಯಲ್ಲಿ ಏನಾದರೂ ಒಂದು ಬರೆದುಬಿಡು, ಮನಸ್ಸಿಗೆ ಸಮಾಧಾನವಾಗುತ್ತದೆ ಎಂದು ದಿನಕರಣ್ಣ ಹೇಳಿದ್ದರು. ನಾನು ಬರೆಯಲಿಲ್ಲ. ಅವಳು ಹೇಳದೆ ನಾನು ಯಾವತ್ತೂ ಬರೆದವಳಲ್ಲ.

ಕೆಲವೊಮ್ಮೆ ಮಧ್ಯಾಹ್ನ ಗಿರಿಜ ಬರುವ ಮೊದಲು ಆ ಪುಟ ತೆಗೆದು ನೋಡುತ್ತೇನೆ. ದೊಡ್ಡಕ್ಕನ ಕೈ ನನ್ನದೇ, ಹೆಬ್ಬೆರಳು ಬಾಗಿದ್ದು ಸರಿಯಾಗಿದೆ. ಅವಳು ಬಾಗಿಲಲ್ಲಿ ನಿಂತಿದ್ದಾಳೆ, ಬಾಯಿ ತೆರೆದು, ಕೈ ಹಿಂದೆ ಕಟ್ಟಿ. ನಾವಿಬ್ಬರೂ ಅವಳನ್ನೇ ನೋಡುತ್ತಾ ಕೂತಿದ್ದೇವೆ. ಸರೋಜ ಸಿಕ್ಕಿದಳಾ ಇಲ್ಲವಾ, ನನಗೆ ಗೊತ್ತಿಲ್ಲ.